ಟರ್ನ್ ಅಪ್ ಎಂಬ ಕ್ರಿಯಾಪದವೂ ಅವ್ವನ ಜಾಗವೂ

ಈ ಲೋಕದಲ್ಲಿ ಕಳೆದುಹೋದದ್ದು ಯಾವುದೂ ಪೂರ್ತಿ ಕಳೆದುಹೋಗುವುದಿಲ್ಲ. ಕಾಲ ಬಂದಾಗ ತಾನೇ ಎದುರಿಗೆ ಬಂದು ನಿಲ್ಲುತ್ತದೆ. ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ನಾನು ಬಿಟ್ಟುಬಂದ ಮೂರು ಛತ್ರಿಗಳಿಗೆ ಮಾತ್ರ ಈ ನಿಯಮ ಯಾರೂ ತಿಳಿಸಿದಂತಿಲ್ಲ.

ಆದರೂ ಇಂಗ್ಲಿಷಿನವರು ಇದಕ್ಕೊಂದು ಕ್ರಿಯಾಪದ ಮಾಡಿಟ್ಟಿದ್ದಾರೆ: ಟರ್ನ್ ಅಪ್. ನಿವೃತ್ತನಾಗುವವರೆಗೂ ಹೈಸ್ಕೂಲಿನಲ್ಲಿ ನಾನು ಇದನ್ನು ವರ್ಷಕ್ಕೊಮ್ಮೆ, ಪಂಚಾಂಗ ಓದುವ ಗಾಂಭೀರ್ಯದಿಂದ ಕಲಿಸಿದೆ. ಟರ್ನ್ ಅಂದರೆ ತಿರುವು, ಅಪ್ ಅಂದರೆ ಮೇಲೆ. ಎರಡೂ ಕೂಡಿದರೆ ಪ್ಯಾಂಟಿನ ಅಂಚು ಮಡಚುವುದು, ಟಿವಿಯ ದನಿ ಏರಿಸುವುದು, ಬೀಗರು ಹೇಳದೆ ಕೇಳದೆ ಸರಿಯಾಗಿ ಊಟದ ಹೊತ್ತಿಗೆ ಬರುವುದು, ಹುಡುಕಿ ಸಾಕಾಗಿ ಬಿಟ್ಟ ವಸ್ತು ಒಂದು ದಿನ ಸಿಗುವುದು. ಇಷ್ಟೆಲ್ಲ ಎಲ್ಲಿಂದ ಬಂತು ಎಂದರೆ ನಾನು ರಂಟಿ ಹೊಡೆಯುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. ನೇಗಿಲು ಮಣ್ಣು ಮಗುಚುತ್ತದೆ, ಕೆಳಗಿದ್ದದ್ದು ಮೇಲೆ ಬರುತ್ತದೆ. ಪಂಡಿತರು ಇದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತಾರೋ ಕಾಣೆ. ಕರಿ ಮಣ್ಣಿನ ಎರಿ ಹೊಲದ ಮಕ್ಕಳು ಕೂಡಲೇ ಒಪ್ಪುತ್ತಿದ್ದರು.

"ನಮ್ಮ ಹೊಲದಾಗ ಒಂದು ಬುರುಡಿ ಟರ್ನ್ ಅಪ್ ಆಗಿತ್ರಿ ಸರ," ಎಂದಿದ್ದ ಒಬ್ಬ.

"ಯಾರದಪಾ?"

"ಕೇಳ್ಲಿಲ್ರಿ."

ಈ ಕ್ರಿಯಾಪದದ ವಿಚಿತ್ರವೆಂದರೆ ಹುಡುಕಿದವನಿಗೆ ಇದರಲ್ಲಿ ಜಾಗವೇ ಇಲ್ಲ. ವಸ್ತು ತಾನಾಗಿ ಬರುತ್ತದೆ, ತನಗೆ ಬೇಕಾದವರ ಕಣ್ಣಿಗೆ ಬೀಳುತ್ತದೆ. ಮೂವತ್ತು ವರ್ಷ ಇದನ್ನು ಬೋರ್ಡಿನ ಮೇಲೆ ಬರೆದೆ, ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ನವಿಲುತೀರ್ಥದ ಡ್ಯಾಮಿನ ನೀರು ಬಹಳ ಇಳಿಯಿತು. ಹಿನ್ನೀರಿನಲ್ಲಿ ಮುಳುಗಿದ್ದ ನಮ್ಮ ಹಳೆಯ ಊರು ಮೇಲೆ ಬಂತು. ಅಲ್ಲಿ ನಮ್ಮ ಅವ್ವ ಇದ್ದಾಳೆ. ನಾನು ಹುಟ್ಟಿ ಇಪ್ಪತ್ತು ದಿನಕ್ಕೆ ಸತ್ತಳು. ಮುಂದೆ ಡ್ಯಾಮು ಬಂತು, ಅಪ್ಪ ನಮ್ಮನ್ನು ಬೈಲಹೊಂಗಲಕ್ಕೆ ಕರೆತಂದ. ಅವ್ವನ ಒಂದು ಫೋಟೋ ಕೂಡ ಇಲ್ಲ.

ಅಪ್ಪ ಸಾಯುವಾಗ ಅಕ್ಕನ ಕಡೆಯಿಂದ ಒಂದು ಮಾತು ತಗೊಂಡಿದ್ದ: ಅವ್ವನ ಜಾಗದ ಒಂದು ಹಿಡಿ ಮಣ್ಣು ತಂದು ತನ್ನ ಮಗ್ಗಲಿಗೆ ಹಾಕಬೇಕು. ಸವದತ್ತಿಯಲ್ಲಿರುವ ಅಕ್ಕನಿಗೆ ಈಗ ಎರಡೂ ಮೊಣಕಾಲು ಹೋಗಿವೆ. ಫೋನಿನಲ್ಲಿ ಹೇಳಿದಳು: "ಮುಂದಿನ ಸಲ ನೀರು ಇಳಿಯೂತನಕ ನಾ ಇರೂದಿಲ್ಲ. ಬರತೀಯೋ, ಇಲ್ಲಾ ಅದಕ್ಕೂ ಟೈಮ್ ಟೇಬಲ್ ಹಾಕತೀಯೋ?"

ಮುನವಳ್ಳಿಯಿಂದ ರಿಕ್ಷಾ ಮಾಡಿಕೊಂಡು ಹೋದೆವು. ಡ್ರೈವರ್ ಜಾಲಿ ಗಿಡದ ನೆರಳಿಗೆ ಗಾಡಿ ಹಚ್ಚಿ ಅಲ್ಲೇ ಉಳಿದ. ಮಟಮಟ ಮಧ್ಯಾಹ್ನ. ಬಿರುಕು ಬಿಟ್ಟ ಕೆಸರು, ಕಪ್ಪೆಚಿಪ್ಪು, ಗೋಡೆಗಳ ಬುಡ. ಒಂದು ಹಕ್ಕಿಯ ದನಿ ಇಲ್ಲ. ನಾವಾಡಿದ ಮಾತು ನಮಗೇ ಸ್ವಲ್ಪ ತಡವಾಗಿ ಕೇಳಿಸುತ್ತಿತ್ತು. ಒಂದು ಮನೆಯ ಒಳಕಲ್ಲಿನ ಸುತ್ತ ಮೊಣಕಾಲುದ್ದ ಹೂಳು. ಒಳಕಲ್ಲು ಮಾತ್ರ ಯಾರೋ ಆಗಷ್ಟೇ ಒರೆಸಿಟ್ಟಂತೆ ಸ್ವಚ್ಛ. ಅಕ್ಕ ಅದನ್ನು ನೋಡಿ, ನೋಡದವಳಂತೆ ಮುಂದೆ ನಡೆದಳು.

ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಹೂಳುತ್ತಾರೆ. ಅವ್ವನ ಮೇಲೆ ಕಲ್ಲು ಗಿಲ್ಲು ಇಡಲಿಲ್ಲ. ಇದ್ದದ್ದು ಆಗ ಆರು ವರ್ಷದವಳಾಗಿದ್ದ ಅಕ್ಕನ ಲೆಕ್ಕ. "ಬಸವಣ್ಣನ ಗುಡಿ ಕಟ್ಟಿಯಿಂದ ಮೂಡಲಕ್ಕ ನಲವತ್ತು ಹೆಜ್ಜಿ. ನಾನ ಎಣಿಸೇನಿ." ಕಟ್ಟೆ ಉಳಿದಿತ್ತು. ಅಕ್ಕ ನಲವತ್ತು ಹೆಜ್ಜೆ ನಡೆದು ನಿಂತಳು. ಮೊಣಕಾಲು ಹೋದವಳ ಹೆಜ್ಜೆ, ಗೇಣಿಗೆ ಸ್ವಲ್ಪ ಮೇಲೆ.

"ಆರು ವರ್ಷದಾಕಿ ಹೆಜ್ಜಿನೂ ಇಷ್ಟ ಇರತಾವು," ಎಂದಳು.

"ಕುಣಕೋತ ಹೋಗಿದ್ರ?"

"ಅವ್ವನ್ನ ಹುಗಿಯಾಕ ಯಾರು ಕುಣಕೋತ ಹೋಗತಾರೋ, ಶಾಣ್ಯಾ?"

ನಾನು ನನ್ನ ಹೆಜ್ಜೆಯಲ್ಲಿ ನಲವತ್ತು ನಡೆದೆ. ಬೇರೆಯೇ ಜಾಗ ಬಂತು. ಎರಡೂ ಕಡೆ ಕುರ್ಪಿಯಿಂದ ಅಗಿದೆವು. ಕಲ್ಲಿನಂಥ ನೆಲ. ಇದು ಅವ್ವನ ಮಣ್ಣು ಎಂದು ಯಾವ ಬಾಯಿಂದ ಹೇಳುವುದು? ಅಕ್ಕ ಅಳಲಿಲ್ಲ. ಸೆರಗಿನಿಂದ ಕುರ್ಪಿ ಒರೆಸಿ ಚೀಲಕ್ಕೆ ಹಾಕಿದಳು. ತಿರುಗಿ ರಿಕ್ಷಾದ ಹತ್ತಿರ ಬಂದೆವು.

ಡ್ರೈವರ್ ಗಾಡಿ ಚಾಲೂ ಮಾಡಲಿಲ್ಲ. "ಇನ್ನೊಬ್ರು ಅಮ್ಮಾರು ಬರೂದಿಲ್ಲೇನ್ರಿ?"

"ಯಾವ ಅಮ್ಮಾರು?"

"ಹಸರ ಸೀರಿ ಉಟ್ಟಾರು. ನೀವು ಅಗಿಯೂ ಮುಂದ ಆ ಕಡೆ ಕುಂತಿದ್ರಲ್ರಿ, ಬಿಸಲಾಗ. ನಿಮ್ಮ ಮನಿಯವರ ಅನಕೊಂಡೆ."

"ನನ್ನ ಮನಿಯಾಕಿ ಬೈಲಹೊಂಗಲದಾಗ ಫ್ಯಾನಿನ ಕೆಳಗ ಅದಾಳ."

ಅವನು ನಗಲಿಲ್ಲ. ಅಕ್ಕ ನನ್ನ ಮುಂಗೈ ಹಿಡಿದಳು. "ಅವ್ವಗ ಉಡಿಸಿದ್ದು ಹಸರ ಸೀರಿ," ಎಂದಳು. ಈ ಮಾತು ಅವಳು ನನಗೂ ಎಂದೂ ಹೇಳಿರಲಿಲ್ಲ.

ಡ್ರೈವರ್ ಬೆರಳು ಮಾಡಿದ ಜಾಗ ನಮ್ಮ ಎರಡೂ ಕುಣಿಗಳಿಂದ ಬಹಳ ಮೂಡಲಿಗೆ, ರಿಕ್ಷಾದ ಕಡೆಗೆ. ಅಕ್ಕ ಅತ್ತಲೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, ತಪ್ಪೊಪ್ಪಿಕೊಳ್ಳುವ ಹುಡುಗಿಯ ದನಿಯಲ್ಲಿ ಹೇಳಿದಳು: "ತಮ್ಮಾ, ಅವತ್ತ ನಾ ನಡದ ಇಲ್ಲ. ಅಪ್ಪನ ಹೆಗಲ ಮ್ಯಾಲ ಇದ್ನಿ. ಎಣಿಸಿದ್ದು ನಾ. ಹೆಜ್ಜಿ ಅಪ್ಪಂದು."

ಅಪ್ಪ ಎಂಥ ಎತ್ತರದ ಆಳು ಎಂದರೆ, ನಾವು ಓಡಿಬಂದು ಜಿಗಿಯುವ ಕಾಲುವೆಯನ್ನು ಮಾತು ನಿಲ್ಲಿಸದೆ ದಾಟುತ್ತಿದ್ದ. ನಾನು ಧೋತರ ಎತ್ತಿ ಕಟ್ಟಿ, ನಿವೃತ್ತ ಶಿಕ್ಷಕನಿಗೆ ಒಪ್ಪದ ರೀತಿಯಲ್ಲಿ, ಗುಡಿ ಕಟ್ಟೆಯಿಂದ ನಲವತ್ತು ಸಲ ಜಿಗಿದೆ. ಏದುಸಿರು ಬಿಡುತ್ತ ನಿಂತಾಗ, ತಾನು ತೋರಿಸಿದ ಜಾಗಕ್ಕೇ ಬಂದು ನಿಂತಿದ್ದ ಡ್ರೈವರ್ ನನ್ನ ಎದುರಿಗೇ ಇದ್ದ. ಚಪ್ಪಲಿ ಕಳಚಿ ದೂರ ಇಟ್ಟಿದ್ದ. ಅಲ್ಲಿ ನೆಲದಲ್ಲಿ ಬಿರುಕಿರಲಿಲ್ಲ. ಕುರ್ಪಿ ರೊಟ್ಟಿ ಹಿಟ್ಟಿನೊಳಗೆ ಇಳಿದ ಹಾಗೆ ಇಳಿಯಿತು.

ಅಕ್ಕ ಮಣ್ಣು ಕಟ್ಟಿಕೊಳ್ಳುವಾಗ ನಾನು ಡ್ರೈವರನನ್ನು ಪಕ್ಕಕ್ಕೆ ಕರೆದೆ. "ಮಾರಿ ಹೆಂಗಿತ್ತಪಾ?"

"ಕಾಣಲಿಲ್ರಿ ಮಾಸ್ತರ. ನನಗ ಬೆನ್ನು ಮಾಡಿ, ನಿಮ್ಮನ್ನ ನೋಡಕೋತ ಕುಂತಿದ್ರು."

ಹೊರಟಾಗ ಅವನು ಮುಂದಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟ. ಹಿಂದಿನ ಸೀಟಿನಲ್ಲಿ ಇಬ್ಬರಿಗೆ ಬೇಕಾದಷ್ಟು ಜಾಗವಿತ್ತು. ಅಕ್ಕ ಒಂದು ಅಂಚಿಗೆ ಸರಿದು ಕೂತು, ನನ್ನನ್ನು ಡ್ರೈವರನ ಮಗ್ಗಲಿಗೆ ಕೂಡ್ರಿಸಿದಳು.

ಬಂದ ಸೋಮವಾರ ಬೈಲಹೊಂಗಲದ ಹೊಲದಲ್ಲಿ ಅಪ್ಪನ ಎಡ ಮಗ್ಗಲಿಗೆ ಆ ಮಣ್ಣು ಹಾಕಿದೆವು. ಮಳೆಗಾಲದಲ್ಲಿ ಡ್ಯಾಮು ತುಂಬಿತು.