ಇದ್ದೂ ಕೈಕೊಟ್ಟರೆ

ದಿವ್ಯಶ್ರೀಯಷ್ಟು ಹಟಮಾರಿ ಮೊಳಕಾಲ್ಮುರಿನಲ್ಲಿ ಇನ್ನೊಬ್ಬಳಿಲ್ಲ. ತಾಯಿ ಓಬಕ್ಕ ರೇಷ್ಮೆ ಸೀರೆ ನೇಯುವವಳು. ಮಗಳು ದಿನಾ ಚಳ್ಳಕೆರೆಗೆ ಹೋಗಿ, ಸೀರೆಗೆ ಚಿತ್ತಾರ ಮೂಡಿಸಲು ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಪೆಟ್ಟಿಗೆಗೆ ಡ್ರೈವರ್ ಬರೆಯುವವಳು. ಡ್ರೈವರ್ ಎಂದರೆ ಲಾರಿಯವನಲ್ಲ ಸ್ವಾಮಿ, ಪೆಟ್ಟಿಗೆಯೊಳಗಿನ ಚಿಪ್‌ಗೆ ಕೆಲಸ ಹೇಳುವ ಪ್ರೋಗ್ರಾಂ.

ಆ ಚಿಪ್‌ಗೆ ಒಂದು ರೀಸೆಟ್ ತಂತಿ. ಕೆಲಸ ಶುರುವಾಗುವ ಮೊದಲು ಹಳೆಯದನ್ನೆಲ್ಲ ಮರೆಸುವುದು ಅದರ ಪಾಲಿನ ಕೆಲಸ. ಹಳೆಯ ಮಾದರಿಯ ಪೆಟ್ಟಿಗೆಗಳಿಗೆ ಆ ತಂತಿ ಬೇಕಿಲ್ಲ. ಹಾಗಾಗಿ ಪ್ರೋಗ್ರಾಂನಲ್ಲಿ ಅದು ‘ಆಪ್ಷನಲ್’. ಆ ಸಾಲಿನ ಮೇಲೆ ದಿವ್ಯಶ್ರೀ ಕನ್ನಡದಲ್ಲೇ ಬರೆದಿಟ್ಟಿದ್ದಳು: ‘ಇಲ್ಲದಿದ್ದರೆ ಮುಂದೆ ಹೋಗು. ಇದ್ದೂ ಕೈಕೊಟ್ಟರೆ ನಿಲ್ಲು.’

ಅವಳಿಗೆ ಈ ಕೆಲಸ ಕಲಿಸಿದವನು ಅದೇ ಕಂಪನಿಯಲ್ಲಿದ್ದ ಪಕ್ಕದ ಮನೆಯ ಕೃಷ್ಣಕುಮಾರ್. ಬಾಯ್ತುಂಬ ಅಣ್ಣ ಎನ್ನುತ್ತಿದ್ದಳು. ಹೋಗಿ ಬರುವುದು ಅವನ ಬೈಕಿನಲ್ಲೇ. ತನ್ನ ಪಾಸ್‌ವರ್ಡನ್ನೂ ಅವನಿಂದ ಮುಚ್ಚಿಟ್ಟವಳಲ್ಲ.

ಅವಳು ರಜೆ ಹಾಕಿದ ದಿನ, ಗಿರಾಕಿಗಳಿಗೆ ತೋರಿಸಬೇಕಿದ್ದ ಹೊಸ ಪೆಟ್ಟಿಗೆ ಶುರುವಾಗಲಿಲ್ಲ. ರೀಸೆಟ್ ತಂತಿಯ ಬೆಸುಗೆ ಬಿಟ್ಟಿತ್ತು. ಬೆಸುಗೆ ಹಾಕುವುದು ಬಿಟ್ಟು ಆ ಪುಣ್ಯಾತ್ಮ ಕೃಷ್ಣಕುಮಾರ್ ಮಾಡಿದ್ದೇನು? ಅವಳ ಕಂಪ್ಯೂಟರಿನಲ್ಲಿ ಕೂತು ‘ನಿಲ್ಲು’ ಎಂಬುದನ್ನೇ ಅಳಿಸಿಹಾಕಿದ. ಆಪ್ಷನಲ್ ತಾನೇ! ಪೆಟ್ಟಿಗೆ ಓಡಿತು. ಬೆಸುಗೆಯ ವಿಷಯ ಆಮೇಲೆ ಮರೆತೇಬಿಟ್ಟ.

ಅದೇ ಪೆಟ್ಟಿಗೆ ಓಬಕ್ಕನ ಮಗ್ಗಕ್ಕೆ ಬಂತು. ಮೂರು ದಿನ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ದಿನ ಕರೆಂಟು ಹೋಗಿ ಬಂದಾಗ, ಹಳೆಯದನ್ನು ಮರೆಯದ ಚಿಪ್ ಚಿತ್ತಾರದ ಹಳೆಯ ಸಾಲು, ಹೊಸ ಸಾಲು ಎರಡನ್ನೂ ಕಲಸಿಬಿಟ್ಟಿತು. ಮದುವೆ ಸೀರೆಯ ಸೆರಗಿನಲ್ಲಿ ನವಿಲಿಗೆ ಕತ್ತೇ ಇಲ್ಲ.

“ನೀನು ಬರ್ದಿದ್ದು ಅಂತ ಕಣ್ಮುಚ್ಚಿ ನೇಯ್ದೆನಲ್ಲೇ,” ಎಂದು ಓಬಕ್ಕ ಅತ್ತಳು.

ಚಳ್ಳಕೆರೆಯಲ್ಲಿ ಕಂಪನಿಯ ಮಾಲೀಕ ಪಾಲಾಕ್ಷ ಕಂಪ್ಯೂಟರಿನ ದಾಖಲೆ ತೆಗೆದ. “ಈ ಬದ್ಲಾವಣೆ ನಿನ್ ಹೆಸ್ರಲ್ಲೇ ಐತಲ್ಲಮ್ಮ?”

“ಅವತ್ತು ನಾನು ರಜೆ ಸಾರ್. ನನ್ ಪಾಸ್‌ವರ್ಡ್ ಗೊತ್ತಿರೋದು ಅಣ್ಣಂಗೆ ಒಬ್ಬಂಗೇ. ಹೇಳಣ್ಣ.”

ಅವನ ಒಂದೇ ಒಂದು ಮಾತಿನಿಂದ ಅವಳ ಕೆಲಸ ಉಳಿಯುತ್ತಿತ್ತು. ಕೃಷ್ಣಕುಮಾರ್ ನೆಲ ನೋಡುತ್ತ, “ನಂಗೇನೂ ಗೊತ್ತಿಲ್ಲ ಸಾರ್,” ಎಂದ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

“ನಾಳೆಯಿಂದ ಬರಬ್ಯಾಡಮ್ಮ,” ಎಂದ ಪಾಲಾಕ್ಷ.

ಹೊರಗೆ ಬಂದರೆ ಏನೂ ಆಗೇ ಇಲ್ಲ ಎನ್ನುವಂತೆ ಕೃಷ್ಣಕುಮಾರ್ ಬೈಕ್ ಹತ್ತಿ ಕಾಯುತ್ತಿದ್ದ. “ಬಾಮ್ಮ, ಮನೆಗೆ ಬಿಡ್ತೀನಿ.”

ದಿವ್ಯಶ್ರೀ ಚೀಲ ಹೆಗಲಿಗೆ ಹಾಕಿಕೊಂಡಳು. ಕಣ್ಣು ತುಂಬಿತ್ತು.

“ನಂಗೆ ಒಡಹುಟ್ಟಿದ ಅಣ್ಣ ಇಲ್ಲ. ಇಲ್ದೇನೂ ಹೆಂಗೋ ನಡೀತಿತ್ತು. ನೀನು ಇದ್ದೂ ಕೈಕೊಟ್ಟೆ. ಇಲ್ಲಿಗೆ ನಿಲ್ಸೋಣ.”

ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು.