ಎರಡು ಗ್ರಾಂ ಕೇಸೀನು

ಬಿ.ಎಸ್ಸಿ.ಯಲ್ಲಿ ನಾನು ಜೀವರಸಾಯನಶಾಸ್ತ್ರ ತೆಗೆದುಕೊಂಡಿದ್ದು ಪ್ರೀತಿಯಿಂದಲ್ಲ, ಹಟದಿಂದ. ಅರ್ಜಿ ಕೊಡುವ ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಅದು ಕಷ್ಟ, ನಿನಗೆ ಆಗಲ್ಲ ಅಂದಿದ್ದಳು. ಆಗಲ್ಲ ಅಂದರೆ ನನಗೆ ಮೈ ಉರಿಯುತ್ತದೆ, ಈಗಲೂ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ದಿನಾ ಬೆಳಿಗ್ಗೆ ನಮ್ಮೂರು ಅರಸೀಕೆರೆಯಿಂದ ಬಸ್ಸು ಹತ್ತಿ, ಅಮೈನೋ ಆಮ್ಲಗಳ ಹೆಸರು ಬಾಯಿಪಾಠ ಮಾಡುತ್ತಾ ನಮ್ಮ ತಾಲೂಕು ಕೇಂದ್ರ ಹರಪನಹಳ್ಳಿಯ ಕಾಲೇಜಿಗೆ ಬರುತ್ತಿದ್ದೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಅದನ್ನು ಯಾವುದೋ ಮಂತ್ರ ಅಂದುಕೊಂಡು ಕೈ ಮುಗಿದದ್ದೂ ಉಂಟು. ಎರಡು ತಿಂಗಳಲ್ಲಿ ಹಟ ಹೋಗಿ ಪ್ರೀತಿ ಹುಟ್ಟಿತು. ತಿಂದ ರೊಟ್ಟಿ ಒಳಗೆ ಹೋಗಿ ಹೇಗೆ ಬಿಡಿಬಿಡಿಯಾಗಿ ಮತ್ತೆ ನಾವೇ ಆಗುತ್ತದೆ ಎಂದು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಒಂದು ದಿನದ ಪ್ರಾಕ್ಟಿಕಲ್‌ಗೆ ಮೇಷ್ಟ್ರು ಎಲ್ಲರಿಗೂ ಹಾಲು ತರಲು ಹೇಳಿದ್ದರು. ಐವತ್ತು ಮಿಲಿಲೀಟರ್ ಹಾಲನ್ನು ಬೆಚ್ಚಗೆ ಮಾಡಿ, ಹನಿಹನಿ ಆಮ್ಲ ಹಾಕಿ ಒಡೆಯಿಸಿ, ಗಟ್ಟಿ ಭಾಗವನ್ನು ಸೋಸಿ, ಜಿಡ್ಡು ತೆಗೆದು, ಒಣಗಿಸಿ ತೂಗಬೇಕು. ಕೊನೆಗೆ ಉಳಿಯುವ ಬಿಳಿ ಪುಡಿಯೇ ಕೇಸೀನು, ಹಾಲಿನ ಮುಖ್ಯ ಪ್ರೋಟೀನು. ಉಳಿದವರೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ಸಿಗುವ ಪಾಕೀಟು ಹಾಲು ತಂದರು, ನಾನು ಮನೆಯ ಹಾಲು ತಂದೆ. ಅವರಿಗೆಲ್ಲ ಒಂದು ಗ್ರಾಂ ಚಿಲ್ಲರೆ ಬಂತು. ನನ್ನದು ಎರಡು ಗ್ರಾಂ ದಾಟಿತು.

ಸರಿಯಾಗಿ ಒಣಗಿಸಿಲ್ಲ ಎಂದರು ಮೇಷ್ಟ್ರು. ಮತ್ತೆ ಒಣಗಿಸಿದೆ, ತಕ್ಕಡಿಯ ಮುಳ್ಳು ಇಳಿಯಲಿಲ್ಲ. ಅವರು ನನ್ನ ರೆಕಾರ್ಡಿನ ಪುಟಕ್ಕೆ ಕೆಂಪು ಗೆರೆ ಎಳೆದು, ಇಲ್ಲದ ಅಂಕಿ ಹುಟ್ಟಿಸುವವರಿಗೆ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಒಂದು ಸಲ ಫೇಲಾದರೂ ಓದು ಬಂದ್ ಎಂದು ಅವ್ವ ಮೊದಲೇ ಹೇಳಿದ್ದಳು. ಬಸ್ಸಿನಲ್ಲಿ ಅತ್ತುಬಿಟ್ಟೆ. ಓದು ನಿಲ್ಲುವ ಭಯಕ್ಕಿಂತ, ಸುಳ್ಳುಗಾತಿ ಅನ್ನಿಸಿಕೊಂಡ ಸಿಟ್ಟೇ ದೊಡ್ಡದಾಗಿತ್ತು.

ಅವ್ವನ ಮುಂದೆ ಹೋಗುವ ಧೈರ್ಯವಿಲ್ಲದೆ ದಾರಿಯಲ್ಲೇ ಇಳಿದೆ. ನಮ್ಮದು ಕುರಿ ಕಾಯುವ ಮನೆ. ಕುರಿಯ ಗೊಬ್ಬರ ಬೀಳಲಿ ಎಂದು ರೈತರು ಬೆಳೆ ಕೊಯ್ದ ಹೊಲದಲ್ಲಿ ಮಂದೆ ತರುಬಿಸಿಕೊಳ್ಳುತ್ತಾರೆ, ಅಂದರೆ ರಾತ್ರಿ ಕುರಿ ಹಿಂಡನ್ನು ಅಲ್ಲೇ ಕೂಡಿಸಿಕೊಳ್ಳುತ್ತಾರೆ. ಆ ವಾರ ಅಪ್ಪನ ಮಂದೆ ಊರಿಗೂ ಕಾಲೇಜಿಗೂ ನಡುವಿನ ಒಂದು ಹೊಲದಲ್ಲಿತ್ತು. ನನ್ನ ಕಥೆಯನ್ನೆಲ್ಲ ಕೇಳಿದ ಅಪ್ಪ, ಯಾವ ಹಾಲು ಒಯ್ದಿದ್ದೆ ಎಂದು ಕೇಳಿದ. ಯಾವ ಹಾಲು ಅಂದರೇನು, ಹಾಲು ಅಂದರೆ ಹಾಲು ಎಂದು ರೇಗಿದೆ.

"ನಮ್ಮ ಮನ್ಯಾಗ ಇರೋದು ಕುರಿ ಹಾಲು. ಅದು ಪಾಕೀಟಿನ ಹಾಲಿನಂಗ ತೆಳ್ಳಗ ಇರ್ತೈತೇನು?"

ನನಗೆ ನನ್ನ ಮೇಲೇ ನಗು ಬಂತು. ನಮ್ಮ ಮನೆಯಲ್ಲಿ ಹಸುವೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ಹುಟ್ಟಿದಾಗಿನಿಂದ ಕುಡಿದದ್ದು ಕುರಿ ಹಾಲೇ. ಅದಕ್ಕೆ ಕುರಿ ಹಾಲು ಅಂತ ಯಾರೂ ಅಂದಿರಲಿಲ್ಲ. ಪ್ರೋಟೀನಿನ ರಚನೆ ಬರೆಯಲು ಕಲಿತವಳಿಗೆ ಅದು ಹೊಳೆಯಲೂ ಇಲ್ಲ.

ಮರುದಿನ ಮೇಷ್ಟ್ರಿಗೆ ಹೇಳಿದೆ. ಹಿಂದಿನ ಬೆಂಚಿನಿಂದ ಯಾರೋ ಮ್ಯಾ ಅಂದರು. ನಾನು ತಿರುಗಿ ನೋಡಿದ ರೀತಿಗೆ ಎರಡನೇ ಮ್ಯಾ ಬರಲಿಲ್ಲ. ಮುಂದಿನ ಪ್ರಾಕ್ಟಿಕಲ್‌ನಲ್ಲಿ ಎರಡೂ ಹಾಲು ಇಟ್ಟುಕೊಂಡು ತಮ್ಮೆದುರಿಗೇ ಮಾಡಿ ತೋರಿಸು ಎಂದರು ಮೇಷ್ಟ್ರು. ಆ ದಿನ ಹಾಲಿನ ಜೊತೆ ಅಪ್ಪನೂ ಬಂದ. ನನ್ನ ಕೈಗೆ ಕೊಟ್ಟರೆ ಬಸ್ಸಿನಲ್ಲಿ ಚೆಲ್ಲುತ್ತೇನೆ ಎಂದು ಅವನ ನಂಬಿಕೆ. ಕೆರ ಬಿಟ್ಟು ಕಂಬಳಿ ಹೊದ್ದು ಬಾಗಿಲಲ್ಲೇ ನಿಂತವನನ್ನು ಮೇಷ್ಟ್ರೇ ಒಳಗೆ ಕರೆದು ಸ್ಟೂಲು ಕೊಟ್ಟರು. ಪುಡಿ ಒಣಗುವ ತನಕ ಅವನನ್ನು ಏನೇನೋ ಕೇಳಿದರು. ಮರಿ ಬಲಿತ ಮೇಲೆ ಹಾಲು ಕಮ್ಮಿಯಾಗುತ್ತದೆ, ಆದರೆ ಇನ್ನೂ ಗಟ್ಟಿಯಾಗುತ್ತದೆ ಎಂದು ಅಪ್ಪ ಹೇಳಿದ್ದನ್ನು ಅವರು ಬರೆದುಕೊಂಡರು. ಹೆಮ್ಮೆಯಿಂದ ಅವರಿಬ್ಬರನ್ನೇ ನೋಡುತ್ತಾ ನಾನು ಗಾಜಿನ ಕಡ್ಡಿ ಬೀಳಿಸಿದೆ.

ಮಧ್ಯಾಹ್ನ ಮೇಷ್ಟ್ರು ತಾವೇ ತೂಗಿದರು. ಪಾಕೀಟು ಹಾಲಿನದು ಒಂದು ಗ್ರಾಂ ಚಿಲ್ಲರೆ, ನಮ್ಮದು ಎರಡು ದಾಟಿತ್ತು. ಅವರು ಮತ್ತೊಮ್ಮೆ ತೂಗಿ, ರೆಕಾರ್ಡು ಎಳೆದುಕೊಂಡು ಕೆಂಪು ಗೆರೆಯ ಪಕ್ಕದಲ್ಲೇ ಸಹಿ ಹಾಕಿದರು.

"ನಿನ್ನ ಅಂಕಿ ಸರಿ ಐತಮ್ಮ. ಯಾವ ಹಾಲು ಅಂತ ನಾನೇ ಕೇಳಲಿಲ್ಲ," ಎಂದರು, ಇಡೀ ಕ್ಲಾಸಿಗೆ ಕೇಳುವಂತೆ.

ಹೊರಗೆ ಬಂದಾಗ ಅಪ್ಪ ಕೆರ ಮೆಟ್ಟುತ್ತಾ, ಪಾಸಾಯಿತೇ ಎಂದು ಕೇಳಿದ. ಪರೀಕ್ಷೆ ಇನ್ನೂ ಮುಂದಿದೆ, ಈಗ ಅದಕ್ಕೆ ಕೂರಬಹುದು, ಅಷ್ಟೇ ಎಂದೆ.

"ನಿಂದು ಕೇಳಲಿಲ್ಲವ್ವ," ಅಂದ ಅಪ್ಪ. "ನಮ್ಮ ಹಾಲು ಪಾಸಾತಾ?"