ಗದ್ದೆಮ್ಮನ ಹಳೆಯ ಸ್ಕ್ಯಾನ್

ಅಮರೇಶ ದೇವದುರ್ಗದ ಕಡೆಯ ಅರಕೇರಾದವನು. ತಾಯಿ ಗೋಪಮ್ಮ ಕೂಲಿ ಮಾಡಿ ಓದಿಸಿದಳು. ಬಿಸಿಎ ಮುಗಿಸಿ ರಾಯಚೂರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅಂದಿನಿಂದ ಊರಲ್ಲಿ ಯಾರಿಗೆ ಏನಾದರೂ ಮೊದಲು ಅವನಿಗೇ ಫೋನ್. ಬೂದೆಪ್ಪನ ಹೆಂಡತಿ ಗದ್ದೆಮ್ಮನನ್ನು ಮೊದಲ ಸಲ ಸ್ಕ್ಯಾನಿಗೆ ಕರೆತಂದವನೂ ಅವನೇ. ತಲೆಯಲ್ಲಿ ಸಣ್ಣ ಗಡ್ಡೆ ಕಂಡಿತ್ತು. ಈಗಲೇ ಆಪರೇಷನ್ ಬೇಡ, ವರ್ಷ ಬಿಟ್ಟು ಮತ್ತೆ ನೋಡೋಣ ಎಂದಿದ್ದರು ಡಾಕ್ಟರು. ಗಂಡಹೆಂಡತಿ ಮಾತ್ರೆ ಕಟ್ಟಿಸಿಕೊಂಡು ಪುಣೆಗೆ ಕಟ್ಟಡ ಕೆಲಸಕ್ಕೆ ಹೋದವರು ಎರಡು ವರ್ಷ ಕಳೆದರೂ ಸ್ಕ್ಯಾನಿಗೆ ಬರಲಿಲ್ಲ.

ಈ ಬೇಸಿಗೆಯಲ್ಲಿ ಸೆಂಟರಿನ ಸರ್ವರ್ ತುಂಬಿತು. ಮಾನ್ವಿ ಶಾಖೆಯ ಚಿತ್ರಗಳೂ ಅದರಲ್ಲೇ ಬಂದು ಬೀಳುತ್ತಿದ್ದವು. ಒಂದು ಬೆಳಿಗ್ಗೆ ಹೊಸ ಸ್ಕ್ಯಾನ್ ಸೇವ್ ಆಗದೆ ಯಂತ್ರ ನಿಂತಿತು.

"ಏನಪಾ ಅಮರೇಶ, ನಿನ್ನ ಸರ್ವರಿಗೆ ಹೊಟ್ಟಿ ಉಬ್ಬರಾ? ಸೋಡಾ ಕುಡಿಸು," ಎಂದಳು ಕೌಂಟರಿನ ದಿಲ್ಶಾದ್.

"ನಗಬ್ಯಾಡ ದಿಲ್ಶಾದಕ್ಕಾ, ಜೀವ ಹೋಗಾಕತ್ತದ."

ಅವನು ಟೆಂಪ್ ಫೈಲುಗಳನ್ನು ತೆಗೆದ, ವಿಂಡೋಸ್ ಅಪ್‌ಡೇಟ್‌ಗಳು ಬಿಟ್ಟುಹೋದ ಹಳೆಯ ಸರಕು ತೆಗೆದ, ರಿಸೈಕಲ್ ಬಿನ್ ಖಾಲಿ ಮಾಡಿದ. ಸಿಕ್ಕ ಜಾಗ ಮಧ್ಯಾಹ್ನದವರೆಗೆ ಸಾಲುವಷ್ಟು. ಹೊಸ ಡಿಸ್ಕ್ ಬೇಕೆಂದಾಗ ಮಾಲೀಕ ವಿರೂಪಣ್ಣ ಸಿಡುಕಿದರು.

"ಮುಂದಿನ ತಿಂಗಳ ನೋಡೂಣು. ಎರಡು ವರ್ಷದಿಂದ ಬರದವರದು ಡಿಲೀಟ್ ಹೊಡಿ. ಒಂದೋ ಆರಾಮಾಗಿರ್ತಾರ, ಇಲ್ಲಾ ಸತ್ತಿರ್ತಾರ."

"ದುಡಿಯಾಕ ಹೋದವರು ಇರ್ತಾರ್ರೀ. ಹಬ್ಬಕ್ಕ ಬರ್ತಾರ."

"ಫಿಲ್ಮ್ ಅವರ ಮನ್ಯಾಗ ಇರ್ತದಲಾ? ಹೊರಗ ಮಂದಿ ಕುಂತಾರ, ಹೊಡಿಯೋ."

ಫೋಲ್ಡರುಗಳಿಗೆ ಹೆಸರಿರಲಿಲ್ಲ, ನಂಬರುಗಳಿದ್ದವು. ಯಾರ ತಲೆ, ಯಾರ ಎದೆ ಎಂದು ತೆರೆದು ನೋಡದೆ ಅಮರೇಶ ಎರಡು ವರ್ಷಕ್ಕಿಂತ ಹಳೆಯವನ್ನೆಲ್ಲ ಅಳಿಸಿದ. ಯಂತ್ರ ಮತ್ತೆ ಓಡಿತು.

ಮೊಹರಂನ ಅಲಾಯಿ ಹಬ್ಬಕ್ಕೆ ಊರಿಗೆ ಬಂದ ಗದ್ದೆಮ್ಮ ತಲೆನೋವು ತಾಳದೆ ಬೂದೆಪ್ಪನ ಜೊತೆ ಸೆಂಟರಿಗೆ ಬಂದಳು. ಹೊಸ ಸ್ಕ್ಯಾನ್ ಆಯಿತು. ಡಾಕ್ಟರು ಹಳೆಯದನ್ನು ಕೇಳಿದರು. ಗಡ್ಡೆ ಬೆಳೆದಿದ್ದರೆ ತಲೆ ತೆರೆಯಬೇಕು, ಇದ್ದಷ್ಟೇ ಇದ್ದರೆ ಮಾತ್ರೆ ಸಾಕು. ಬೂದೆಪ್ಪ ಕವರ್ ಬಿಚ್ಚಿದ. ಪುಣೆಯ ತಗಡಿನ ಶೆಡ್ಡಿನಲ್ಲಿ ಮಳೆನೀರು ಹೊಕ್ಕು ಫಿಲ್ಮೂ ರಿಪೋರ್ಟೂ ಒಂದಕ್ಕೊಂದು ಅಂಟಿ ಕಪ್ಪು ಹಲಗೆಯಾಗಿದ್ದವು.

ಅಮರೇಶ ಅಳಿಸಿದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ಹಾಕಿ ಸಂಜೆಯವರೆಗೂ ಹುಡುಕಿದ. ಆ ಜಾಗದ ಮೇಲೆ ಆಗಲೇ ಬೇರೆಯವರ ಚಿತ್ರಗಳು ಕುಳಿತಿದ್ದವು. ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ.

"ನನ್ನ ತಲಿ ಚಿತ್ರ ಯಾಕ ಅಳಿಸಿದಿ ತಮ್ಮಾ?" ಎಂದಳು ಗದ್ದೆಮ್ಮ.

"ಜಾಗ ಇರಲಿಲ್ಲ ಯವ್ವಾ."

"ಸಣ್ಣ ಗಡ್ಡಿ ಅಂದಿದ್ರಲಾ. ಅದಕ್ಕೆಷ್ಟು ಜಾಗ ಬೇಕಾಗಿತ್ತು?"

"ಸುಮ್ಕಿರು ಬೇ," ಎಂದ ಬೂದೆಪ್ಪ. ಅಂಟಿದ ಫಿಲ್ಮನ್ನು ಮತ್ತೆ ಕವರಿಗೆ ಹಾಕಿದ.

ಮೂರು ತಿಂಗಳು ಕಾದು ಮತ್ತೊಮ್ಮೆ ಸ್ಕ್ಯಾನ್ ಮಾಡಿ ಹೋಲಿಸೋಣ ಎಂದರು ಡಾಕ್ಟರು. ಅಷ್ಟರಲ್ಲಿ ಕಣ್ಣು ಮಂಜಾದರೆ ಕೂಡಲೇ ಬರಬೇಕೆಂದೂ ಹೇಳಿದರು. ಗದ್ದೆಮ್ಮ ಅಲ್ಲೇ ಒಂದು ಕಣ್ಣು ಮುಚ್ಚಿ ಗೋಡೆಯ ಗಡಿಯಾರ ನೋಡಿದಳು, ಆಮೇಲೆ ಇನ್ನೊಂದು ಮುಚ್ಚಿ ನೋಡಿದಳು.

"ದಸರಾಕ್ಕ ಬರ್ತೀವಿ. ಇದನ್ನಾರ ಇಟ್ಟಿರು ಅಮರೇಶ," ಎಂದು ಬೂದೆಪ್ಪ ಅವಳನ್ನು ಬಸ್ಸಿಗೆ ಕರೆದೊಯ್ದ.

ಹೊಸ ಡಿಸ್ಕ್ ಇನ್ನೂ ಬಂದಿರಲಿಲ್ಲ. ಅಮರೇಶ ಗದ್ದೆಮ್ಮನ ಹೊಸ ಸ್ಕ್ಯಾನನ್ನು ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡು ಜೇಬಿನಲ್ಲಿಟ್ಟ. ಉಳಿದವರ ಚಿತ್ರಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಸರದಿಗೆ ಕಾಯುತ್ತಿದ್ದವರ ಮುಖ ನೋಡದೆ ಒಳಗೆ ಹೋದ.